ಸೊಪ್ಪಿನ ಬ್ಯಾರನ್ನಿನಲ್ಲಿ ತೊಂಬತ್ತೆಂಟು ದಿನ ನಿಂತ ತೆಪ್ಪದ ಮೋಲ್ಡ್

2025ರ ಮೇ 19, ಸೋಮವಾರ, ಬೆಳಗ್ಗೆ 9 ಗಂಟೆ 20 ನಿಮಿಷ. ಹುಣಸೂರಿನ ನಮ್ಮ ಫೈಬರ್ ವರ್ಕ್‌ಶಾಪಿನ ಚಾವಣಿಯಿಂದ ಮೊದಲ ಹಳೇ ಶೀಟು ಕೆಳಗಿಳಿಯಿತು. ಆ ಕಿಂಡಿಯಿಂದ ಬಂದ ಬಿಸಿಲು ನೆಟ್ಟಗೆ ತೆಪ್ಪದ ಮೋಲ್ಡಿನ ಮೇಲೆ ಬಿತ್ತು. ನಾನು ಕೈಯಲ್ಲಿದ್ದ ರಿಜಿಸ್ಟರನ್ನೇ ಅದಕ್ಕೆ ಅಡ್ಡ ಹಿಡಿದೆ. ಆರು ಅಡಿ ಅಗಲದ ಮೋಲ್ಡಿಗೆ ಒಂದು ಅಡಿಯ ರಿಜಿಸ್ಟರು ಎಷ್ಟು ನೆರಳು ಕೊಟ್ಟೀತು? ಮೇಲಿದ್ದ ಕೆಲಸಗಾರರು ಚೆನ್ನಾಗಿ ನಕ್ಕರು.

ಆಗ ನಾನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳಾಗಿತ್ತು. ಮೋಲ್ಡ್‌ಗಳ ಉಸ್ತುವಾರಿ ನನ್ನದು. ನಮ್ಮಲ್ಲಿ ನೀರಿನ ತೊಟ್ಟಿ, ಬಚ್ಚಲ ಬಾಗಿಲು, ಕಸದ ಡಬ್ಬ ಎಲ್ಲವೂ ತಯಾರಾಗುತ್ತವೆ. ಪ್ರತಿಯೊಂದಕ್ಕೂ ಒಂದೊಂದು ಮೋಲ್ಡ್, ಅಂದರೆ ಅಚ್ಚು. ಅಚ್ಚಿನ ಒಳಮೈಗೆ ಮೇಣ ಉಜ್ಜಿ, ಜೆಲ್‌ಕೋಟ್ ಎಂಬ ಬಣ್ಣದ ನುಣುಪು ಪದರ ಬಳಿದು, ಅದರ ಮೇಲೆ ಗಾಜಿನ ನಾರಿನ ಚಾಪೆಯನ್ನು ರೆಸಿನ್‌ನಲ್ಲಿ ನೆನೆಸಿ ಅಂಟಿಸುತ್ತೇವೆ. ಗಟ್ಟಿಯಾದ ಮೇಲೆ ಬಿಡಿಸಿದರೆ ವಸ್ತು ಸಿದ್ಧ. ಇಡ್ಲಿ ತಟ್ಟೆಯ ಹಾಗೆ, ಅಚ್ಚು ಹೇಗಿದೆಯೋ ವಸ್ತುವೂ ಹಾಗೆಯೇ ಬರುತ್ತದೆ.

ತೆಪ್ಪದ, ಅಂದರೆ ಬುಟ್ಟಿಯಂತೆ ದುಂಡಗಿರುವ ಹರಿಗೋಲಿನ ಮೋಲ್ಡ್ ನಮ್ಮಲ್ಲಿ ಎಲ್ಲಕ್ಕಿಂತ ಹೊಸದು, ಎಲ್ಲಕ್ಕಿಂತ ಮುದ್ದಿನದು. ಮಾಲೀಕರಾದ ಅನ್ಸರ್ ಸಾಹೇಬರದು ಮೂರು ತಲೆಮಾರಿನಿಂದ ಮರಗೆಲಸದ ಮನೆತನ. ಅವರು ಎರಡು ತಿಂಗಳು ಕೂತು ಮರದಲ್ಲಿ ತೆಪ್ಪದ ಮೂಲ ಮಾದರಿ ಮಾಡಿದ್ದರು. ಮಾದರಿಯಿಂದ ಮೋಲ್ಡ್ ಬಿಡಿಸುವಾಗ ಮಾದರಿ ಒಡೆದುಹೋಯಿತು, ಇದು ಸಾಮಾನ್ಯ. ಹಾಗಾಗಿ ಏಪ್ರಿಲ್ 14ರಂದು ಹೊರಬಂದ ಆ ಒಂದು ಮೋಲ್ಡೇ ನಮಗಿದ್ದ ಆಸ್ತಿ. ಅದರಲ್ಲಿ ಒಂದು ತೆಪ್ಪ ತೆಗೆದು, ಅಂತರಸಂತೆಯ ಕಡೆ ಕಬಿನಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಹನ್ನೆರಡು ಮನೆಯವರ ಗುಂಪಿಗೆ ನೋಡಲು ಕೊಟ್ಟೆವು. ಗುಂಪಿನ ಮುಂದಾಳು ಚೆನ್ನಾಜಮ್ಮ. ವಾರದ ನಂತರ ಅವರು ಬಂದು ಹನ್ನೆರಡು ತೆಪ್ಪ ಬೇಕೆಂದರು. ಗಡುವನ್ನು ಹೇಳಿದ್ದು ಹೀಗೆ: “ಈ ಸಲ ಆಯುಧಪೂಜೆಗೆ ಕುಂಕುಮ ಇಡೋದು ಹೊಸ ತೆಪ್ಪಕ್ಕೇ ಕಣ್ರೀ.” ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಿದ್ದಿತ್ತು.

ಚಾವಣಿ ಬದಲಿಸುವ ಕೆಲಸ ಮುಗಿದು ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರಿನಲ್ಲಿ ತೆಪ್ಪ ತೆಗೆಯುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಮೋಲ್ಡನ್ನು ಎಲ್ಲಾದರೂ ಜೋಪಾನ ಮಾಡಬೇಕು. ನಾನು ಪುಸ್ತಕ ತಿರುವಿ, ರೆಸಿನ್ ಮಾರುವ ಕಂಪನಿಯ ತಾಂತ್ರಿಕ ಸಲಹೆಗಾರರಿಗೆ ಫೋನ್ ಮಾಡಿ, ಹನ್ನೊಂದು ಅಂಶಗಳ ಪಟ್ಟಿ ಮಾಡಿದೆ. ಬಿಸಿಲು ಬೀಳಬಾರದು. ನೀರು ನಿಲ್ಲಬಾರದು. ನೆಲಕ್ಕೆ ತಾಗಬಾರದು. ಮೇಣದ ಪದರ ಹಾಗೆಯೇ ಬಿಡಬೇಕು. ಹೊದಿಕೆ ಹತ್ತಿಬಟ್ಟೆಯದಾಗಿರಬೇಕು, ಪ್ಲಾಸ್ಟಿಕ್ ಆದರೆ ಒಳಗೆ ಬೆವರುತ್ತದೆ. ಮೇಲೆ ಭಾರ ಹೇರಬಾರದು. ಇಲಿ ಬರಬಾರದು. ಹೀಗೆ ಹನ್ನೊಂದು.

ಜಾಗ ಕೊಟ್ಟವರು ಪಿರಿಯಾಪಟ್ಟಣ ತಾಲ್ಲೂಕಿನ ರೈತ ಜವರೇಗೌಡರು. ನಮ್ಮಲ್ಲಿ ತೊಟ್ಟಿ ಕೊಂಡಿದ್ದ ಪರಿಚಯ. ಆ ವರ್ಷ ಹೊಗೆಸೊಪ್ಪು ಬಿಟ್ಟು ಶುಂಠಿ ಹಾಕಿದ್ದರಿಂದ ಅವರ ಬ್ಯಾರನ್ ಖಾಲಿ ಬಿದ್ದಿತ್ತು. ಬ್ಯಾರನ್ ಎಂದರೆ ತಂಬಾಕಿನ ಎಲೆ ಬೇಯಿಸುವ ಎತ್ತರದ ಕೋಣೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ, ಒಳಗೆ ನೆಲದ ಮೇಲೆ ಹಾಯುವ ತಗಡಿನ ಕೊಳವೆಗಳು ಕಾದು ಕೋಣೆ ಬಿಸಿಯಾಗುತ್ತದೆ. ಕಿಟಕಿ ಇಲ್ಲ, ಸೋರಿಕೆ ಇಲ್ಲ, ಗೋಡೆ ದಪ್ಪ. ನನ್ನ ಹನ್ನೊಂದು ಅಂಶಕ್ಕೂ ಟಿಕ್ ಬಿತ್ತು.

ಮೇ 22, ಗುರುವಾರ ಮೋಲ್ಡ್ ಸಾಗಿಸಿದೆವು. ತೊಡಕು ಬಂದದ್ದು ಬಾಗಿಲಲ್ಲಿ. ಮೋಲ್ಡಿನ ಬಾಯಿಯ ಸುತ್ತ ದಪ್ಪ ಪ್ಲೈವುಡ್ಡಿನ ಬಳೆಯಂಥ ಚೌಕಟ್ಟಿತ್ತು, ಅದಕ್ಕೆ ನಾಲ್ಕು ಕಾಲು. ಕಾಲು ಸೇರಿ ಎತ್ತರ 105 ಸೆಂಟಿಮೀಟರ್. ಬ್ಯಾರನ್ನಿನ ಬಾಗಿಲು 84 ಸೆಂಟಿಮೀಟರ್ ಅಗಲ. ಮಲಗಿಸಿದರೂ ಹೋಗದು, ನಿಲ್ಲಿಸಿದರೂ ಹೋಗದು. ಸಾಹೇಬರು ಆ ದಿನ ಕೆ.ಆರ್. ನಗರಕ್ಕೆ ಹೋಗಿದ್ದರು. ನಾನೇ ಯೋಚಿಸಿ ಹದಿನಾರು ಬೋಲ್ಟ್ ಬಿಚ್ಚಿಸಿ ಚೌಕಟ್ಟು ಕಳಚಿಸಿದೆ. ಬರಿಯ ಮೋಲ್ಡನ್ನು ಚಕ್ರದಂತೆ ಉರುಳಿಸಿ ಒಳಗೆ ತಂದೆವು. ನೆಲದಲ್ಲಿ ಕೊಳವೆಗಳಿದ್ದದ್ದರಿಂದ ಮಲಗಿಸಲು ಜಾಗವಿರಲಿಲ್ಲ. ಎರಡು ಮರದ ತುಂಡಿನ ಮೇಲೆ ನಿಲ್ಲಿಸಿ, ಗೋಡೆಗೆ ಒರಗಿಸಿ, ಬಟ್ಟೆ ಹೊದಿಸಿದೆವು. ಬೋಲ್ಟ್‌ಗಳನ್ನು ಪೊಟ್ಟಣ ಕಟ್ಟಿ, “ತೆಪ್ಪ, 16, ವಾಷರ್ ಸಹಿತ” ಎಂದು ಚೀಟಿ ಅಂಟಿಸಿದೆ. ಆ ಚೀಟಿ ನೋಡಿ ನನಗೇ ಹೆಮ್ಮೆಯಾಯಿತು.

“ಮೂರು ತಿಂಗ್ಳು ನಿಂತ್ಕೊಂಡೇ ಇರ್ತದಾ ಪಾಪ?” ಎಂದರು ಜವರೇಗೌಡರು.

“ಅದಕ್ಕೇನು ಕಾಲು ನೋಯುತ್ತಾ ಗೌಡ್ರೇ?” ಎಂದೆ ನಾನು.

ಆಮೇಲೆ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆಯಂತೆ ಏಳು ಸಲ ಹೋಗಿ ನೋಡಿಬಂದೆ. ಸಲಕ್ಕೆ ಹನ್ನೊಂದರಂತೆ 77 ಟಿಕ್. ಒಂದೂ ತಪ್ಪಿಲ್ಲ.

ಆಗಸ್ಟ್ 28, ಗುರುವಾರ, ಗಣೇಶನ ಹಬ್ಬದ ಮರುದಿನ ಮೋಲ್ಡ್ ವಾಪಸ್ ತಂದೆವು. ಒಟ್ಟು 98 ದಿನ. ಬ್ಯಾರನ್ನಿನಲ್ಲಿ ಬಟ್ಟೆ ತೆಗೆದಾಗ ಜೆಲ್‌ಕೋಟ್ ಕನ್ನಡಿಯಂತೆ ಹೊಳೆಯುತ್ತಿತ್ತು. ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಚೌಕಟ್ಟು ಕೂರಿಸತೊಡಗಿದೆವು. ಮೊದಲ ಬೋಲ್ಟ್ ಹೋಯಿತು, ಎರಡನೆಯದು ಹೋಯಿತು. ಒಂಬತ್ತರ ನಂತರ ತೂತಿಗೆ ತೂತು ಸೇರಲಿಲ್ಲ. ಸಾಹೇಬರು ಒಂದು ಉದ್ದ ಮರದ ರೀಪು ತಂದು ಬಾಯಿಗೆ ಅಡ್ಡ ಹಿಡಿದು ಗುರುತು ಹಾಕಿದರು. ತಿರುಗಿಸಿ ಇನ್ನೊಂದು ಗುರುತು ಹಾಕಿದರು. 183 ಸೆಂಟಿಮೀಟರ್ ಇರಬೇಕಾದದ್ದು ಒಂದು ಕಡೆ 180.5, ಇನ್ನೊಂದು ಕಡೆ 185.5.

“ಇದು ಗುಂಡಗಿಲ್ಲ ಬೇಟಾ,” ಎಂದರು. “ಮೊಟ್ಟೆ ಆಗಿದೆ.”

ಆಗಿದ್ದು ಇಷ್ಟೇ. ಬ್ಯಾರನ್ನಿಗೆ ಹೋದಾಗ ಮೋಲ್ಡಿಗೆ ಮೂವತ್ತೆಂಟು ದಿನದ ಪ್ರಾಯ. ರೆಸಿನ್ ಮುಟ್ಟಿದರೆ ಗಟ್ಟಿ, ಆದರೆ ಒಳಗಿನ್ನೂ ಪೂರ್ತಿ ಬಲಿತಿರಲಿಲ್ಲ. ಅದನ್ನು ದುಂಡಗೆ ಹಿಡಿದಿದ್ದದ್ದೇ ಚೌಕಟ್ಟು. ನಾನು ಚೌಕಟ್ಟು ಕಳಚಿ, ಅಂಚಿನ ಮೇಲೆ ನಿಲ್ಲಿಸಿ, ತಗಡು ಚಾವಣಿಯ ಕಾವಿನಲ್ಲಿ ಬಿಟ್ಟಿದ್ದೆ. ತನ್ನ ಭಾರಕ್ಕೆ ತಾನೇ ಕುಸಿದು, ಕುಸಿದ ಆಕಾರದಲ್ಲೇ ಬಲಿತುಬಿಟ್ಟಿತ್ತು. ಬೋಲ್ಟ್‌ಗಳಿಗೆ ಮಾತ್ರ ಒಂದಿಷ್ಟೂ ತುಕ್ಕಿರಲಿಲ್ಲ.

ಸ್ವಲ್ಪ ಸೊಟ್ಟಗಿದ್ದರೇನು, ತೆಪ್ಪ ತೇಲುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ತೇಲುತ್ತದೆ. ಆದರೆ ತೆಪ್ಪದ ಬಾಯಿಗೆ ಬಲ ಕೊಡಲು ಕಬ್ಬಿಣದ ಪೈಪಿನ ಹನ್ನೆರಡು ಬಳೆಗಳನ್ನು ಆಗಲೇ ಬಗ್ಗಿಸಿ, ಬೆಸೆದು, ಸತು ಲೇಪಿಸಿ ತರಿಸಿಟ್ಟಿದ್ದೆವು. ಹನ್ನೆರಡೂ ದುಂಡಗೆ 183. ಮೊಟ್ಟೆಯಾಕಾರದ ತೆಪ್ಪಕ್ಕೆ ಅವು ಕೂರುವುದಿಲ್ಲ. ಬಳೆಯಿಲ್ಲದ ತೆಪ್ಪದಲ್ಲಿ ಇಬ್ಬರು ಕೂತು ಬಲೆ ಎಳೆದರೆ ಅಂಚು ಸೀಳುತ್ತದೆ. ಹೊಸ ಮಾದರಿ, ಹೊಸ ಮೋಲ್ಡ್ ಮಾಡಲು ಕಡಿಮೆಯೆಂದರೂ ಎಪ್ಪತ್ತು ದಿನ. ಆಯುಧಪೂಜೆಗೆ ಉಳಿದದ್ದು ಮೂವತ್ನಾಲ್ಕು.

ಸಾಹೇಬರು ಬೈದಿದ್ದರೆ ಚೆನ್ನಾಗಿತ್ತು. ಅವರು ಚಹಾ ತರಿಸಿ, “ಕುಡಿ ಮೊದಲು. ತಣ್ಣಗಾದರೆ ಅದೂ ಲುಕ್ಸಾನು,” ಎಂದರು.

ಆಗಸ್ಟ್ 30, ಶನಿವಾರ ಚೆನ್ನಾಜಮ್ಮ ಬಸ್ಸಿಳಿದು ಬಂದೇಬಿಟ್ಟರು. ಮೊದಲ ತೆಪ್ಪ ಹೊರಬರುವುದನ್ನು ಕಣ್ಣಾರೆ ನೋಡಬೇಕಂತೆ. ನಾನು ಮೋಲ್ಡಿನ ಪಕ್ಕ ನಿಂತು ಎಲ್ಲ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ.

ಅವರು ಸುತ್ತ ಒಂದು ಪ್ರದಕ್ಷಿಣೆ ಬಂದರು. “ನೋಡಕ್ಕೆ ಗುಂಡಗೇ ಕಾಣ್ತದಲ್ಲವ್ವಾ. ಮೊಟ್ಟೆಯೋ ಗುಂಡೋ ನೀರಿಗೇನು ಗೊತ್ತಾಯ್ತದೆ?”

ನಾನು ಕಬ್ಬಿಣದ ಬಳೆಯೊಂದನ್ನು ತಂದು ಬಾಯಿಯ ಮೇಲಿಟ್ಟೆ. ಎರಡು ಕಡೆ ಒಳಗೆ ಬಿತ್ತು, ಎರಡು ಕಡೆ ಹೊರಗೆ ನಿಂತಿತು.

“ಓ, ಬಳೆ ಕೈಗೆ ಏರಾಕಿಲ್ಲ ಅನ್ನು,” ಎಂದು ಅವರು ತಮ್ಮ ಮುಂಗೈ ನೋಡಿಕೊಂಡರು. ಆಮೇಲೆ ನನ್ನ ಮುಖ ನೋಡಿದರು. “ಅಳಬ್ಯಾಡ ಕಣವ್ವ. ಅತ್ರೆ ಮೋಲ್ಡ್ ಗುಂಡಗಾದದಾ? ನನ್ ಬಿದಿರು ತೆಪ್ಪಕ್ಕೆ ಈಗ್ಲೇ ಹದ್ನೇಳು ತ್ಯಾಪೆ. ಕುಂತ್ರೆ ಅರ್ಧ ಒತ್ತು ನೀರು ಮೊಗೆಯಾದು, ಅರ್ಧ ಒತ್ತು ಮೀನು ಇಡಿಯಾದು. ನೀನು ಆಯ್ತದೆ ಅಂದ್ರೆ ಕಾಯ್ತೀವಿ, ಆಗಲ್ಲ ಅಂದ್ರೆ ಈಗ್ಲೇ ಯೋಳ್ಬುಡು, ಬಿದಿರಾದ್ರೂ ಸೀಳ್ಕೊತೀವಿ.”

“ಐದು ದಿನ ಕೊಡಿ ಅಮ್ಮಾ. ಗುರುವಾರ ಹೇಳುತ್ತೇನೆ,” ಎಂದೆ. ಯಾವ ಧೈರ್ಯದಿಂದ ಹೇಳಿದೆನೋ ಗೊತ್ತಿಲ್ಲ. ಡೈರಿಯಲ್ಲಿ ಆ ದಿನದ ಪುಟದಲ್ಲಿ “ಗುರುವಾರ” ಎಂಬ ಒಂದೇ ಪದವಿದೆ.

ಸೆಪ್ಟೆಂಬರ್ 1, ಸೋಮವಾರ ಮತ್ತೆ ರೆಸಿನ್ ಕಂಪನಿಯ ಸಲಹೆಗಾರರಿಗೆ ಫೋನ್ ಮಾಡಿದೆ. ಅವರು ಹೇಳಿದ್ದರ ಸಾರಾಂಶ: ಬಲಿಯುವಾಗ ಕಾವು ಸಾಲದ ರೆಸಿನ್‌ ಅನ್ನು ಇನ್ನೂ ಹೆಚ್ಚು ಬಿಸಿ ಮಾಡಿದರೆ ಸ್ವಲ್ಪ ಮೆತ್ತಗಾಗುತ್ತದೆ. ಆಗ ಸರಿಯಾದ ಆಕಾರಕ್ಕೆ ಬಿಗಿದು, ಅದೇ ಕಾವಿನಲ್ಲಿ ಕೆಲವು ಗಂಟೆ ಹಿಡಿದು, ನಿಧಾನವಾಗಿ ಆರಲು ಬಿಟ್ಟರೆ ಹೊಸ ಆಕಾರ ನಿಲ್ಲುವ ಸಾಧ್ಯತೆ ಇದೆ. 60 ಡಿಗ್ರಿ ಬೇಕು. 65 ದಾಟಿದರೆ ಜೆಲ್‌ಕೋಟ್ ಬಿರುಕು ಬಿಡಬಹುದು. ಏರಿಸುವುದೂ ಇಳಿಸುವುದೂ ನಿಧಾನವಾಗಿರಬೇಕು. ಇದಕ್ಕೆಲ್ಲ ಒಂದು ದೊಡ್ಡ ಓವನ್ ಬೇಕು.

ಹುಣಸೂರಿನಲ್ಲಿ ವಿಚಾರಿಸಿದೆ. ಆರು ಅಡಿಯ ಮೋಲ್ಡ್ ಹಿಡಿಸುವ ಓವನ್ ಸಿಗಲಿಲ್ಲ. ಸಂಜೆ ಜವರೇಗೌಡರೇ ಫೋನ್ ಮಾಡಿದರು. ನಾವು ಬಿಟ್ಟುಬಂದಿದ್ದ ಹೊದಿಕೆಯ ಬಟ್ಟೆ ಅವರಲ್ಲಿತ್ತಂತೆ. ಮಾತಿನ ನಡುವೆ ಸಂಗತಿ ಹೇಳಿದೆ.

“ಎಷ್ಟು ಡಿಗ್ರಿ ಬೇಕವ್ವಾ?”

“ಅರುವತ್ತು.”

“ಅರ್ವತ್ತಾ! ಅದೇನು ಬಿಸಿ? ನಾವು ಸೊಪ್ಪಿನ ನಡುಕಡ್ಡಿ ಒಣಗ್ಸಕ್ಕೆ ನೂರಾ ಅರ್ವತ್ತರ ತನ್ಕ ಏರಿಸ್ತೀವಿ!”

ಅವರ ಬ್ಯಾರನ್ನಿನ ಉಷ್ಣಮಾಪಕ ಫ್ಯಾರನ್‌ಹೀಟ್ ಲೆಕ್ಕದ್ದು. ನನ್ನ 60 ಅವರಿಗೆ 140. ನನ್ನ 65 ಅವರಿಗೆ 149. ಅವರು ಆ 140ರಲ್ಲಿ ಮೂವತ್ತು ವರ್ಷ ಸೊಪ್ಪು ಬೇಯಿಸಿದವರು. ಗಂಟೆಗೆ ಎಷ್ಟು ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೇ ಅವರ ವಿದ್ಯೆ. ನಾನು ಓವನ್ ಹುಡುಕಿಕೊಂಡು ಊರೆಲ್ಲ ಸುತ್ತಿದ್ದೆ. 98 ದಿನ ನನ್ನ ಮೋಲ್ಡ್ ಓವನ್ನಿನೊಳಗೇ ನಿಂತಿತ್ತು.

ಸಾಹೇಬರಿಗೆ ಹೇಳಿದೆ. ಕೆಟ್ಟರೆ ಇದ್ದ ಒಂದು ಮೋಲ್ಡೂ ಹೋಯಿತು. “ಈಗ ಅದು ಇದ್ದೂ ಇಲ್ಲ. ನಡೀ,” ಎಂದರು ಅವರು. ಚೌಕಟ್ಟಿನ ಕಾಲು ಬಿಚ್ಚಿ, ಅದರ ಪ್ಲೈವುಡ್ ಬಳೆಯನ್ನು ನಡುವೆ ಕೊಯ್ದು ಎರಡು ಅರ್ಧಚಂದ್ರ ಮಾಡಿದರು. ಒಳಗೆ ಹೋದ ಮೇಲೆ ಜೋಡಿಸಲು ಕಬ್ಬಿಣದ ಪಟ್ಟಿ ಇಟ್ಟುಕೊಂಡರು. ಇಪ್ಪತ್ತು ನಿಮಿಷದ ಕೆಲಸ. ಮೇ ತಿಂಗಳಲ್ಲಿ ನಾನು ಒಂದು ಫೋನ್ ಮಾಡಿ ಕೇಳಿದ್ದರೆ ಆಗಲೇ ಆಗುತ್ತಿತ್ತು.

ಸೆಪ್ಟೆಂಬರ್ 3, ಬುಧವಾರ. ಹಿಂದಿನ ದಿನವೇ ಹೋಗಿ ಕೊಳವೆಗಳ ಸಂದಿನಲ್ಲಿ ಇಟ್ಟಿಗೆ ಕಂಬ ಕಟ್ಟಿ, ಅಡ್ಡಕ್ಕೆ ಬಿದಿರ ಗಳ ಹಾಕಿ, ಮೋಲ್ಡನ್ನು ಬಾಯಿ ಮೇಲಾಗಿ ಮಲಗಿಸಿ ಚೌಕಟ್ಟು ಜೋಡಿಸಿದ್ದೆವು. ಉದ್ದವಾಗಿದ್ದ ಕಡೆಗೆ ಎರಡು ಸುತ್ತು ಹಗ್ಗ ಬಿಗಿದು, ನಡುವೆ ಒನಕೆಯ ತುಂಡೊಂದನ್ನು ತೂರಿಸಿದ್ದೆವು. ಅದನ್ನು ತಿರುಚಿದಷ್ಟೂ ಹಗ್ಗ ಬಿಗಿಯಾಗುತ್ತದೆ. ರೆಸಿನ್, ಅಸಿಟೋನ್ ಇದ್ದ ಡಬ್ಬಿಗಳನ್ನೆಲ್ಲ ನೂರು ಹೆಜ್ಜೆ ದೂರದ ಹಲಸಿನ ಮರದಡಿ ಇಡಿಸಿದೆ. ಅವಕ್ಕೆ ಬೆಂಕಿ ಬೇಗ ಹತ್ತುತ್ತದೆ.

ಬೆಳಗ್ಗೆ 6 ಗಂಟೆ 10ಕ್ಕೆ ಜವರೇಗೌಡರು ಒಲೆ ಹಚ್ಚಿದರು. ನನ್ನ ಪುಟದಲ್ಲಿ ಎರಡು ಕಾಲಂ: ಗೌಡರ ಲೆಕ್ಕದ ಡಿಗ್ರಿ ಮತ್ತು ಬೋಲ್ಟ್. 8 ಗಂಟೆಗೆ 95 ಡಿಗ್ರಿ, ಬೋಲ್ಟ್ 9. ಹತ್ತಕ್ಕೆ 110, ಬೋಲ್ಟ್ 10. ಹನ್ನೊಂದೂವರೆಗೆ 120, ಬೋಲ್ಟ್ 11. ಪ್ರತಿ ಸಲವೂ ಗೌಡರು ತಲೆಗೆ ಒದ್ದೆ ಟವೆಲ್ ಸುತ್ತಿ ಒಳಗೆ ಹೋಗಿ, ಹಗ್ಗ ಒಂದು ಸುತ್ತು ತಿರುಚಿ, ತೂತು ಸೇರಿದ ಕಡೆ ಬೋಲ್ಟ್ ಹಾಕಿ ಬರುತ್ತಿದ್ದರು. ಒಂದೂವರೆ ನಿಮಿಷಕ್ಕಿಂತ ಹೆಚ್ಚು ಒಳಗಿರಕೂಡದೆಂದು ನಾನು ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ.

“ನಮ್ಮೆಂಡ್ರೂ ಇಂಗೆ ನಿಮಿಷ ಎಣಿಸಿಲ್ಲ ಕಣವ್ವ,” ಎಂದು ಬೆವರೊರೆಸಿಕೊಳ್ಳುತ್ತ ಬಂದರು.

“ಎಣಿಸಿದ್ರೆ ಸಂತೆಯಿಂದ ಬೇಗ ಬತ್ತಿದ್ರಿ ಬುಡಿ,” ಎಂದರು ಮಜ್ಜಿಗೆ ತಂದಿದ್ದ ಅವರ ಹೆಂಡತಿ ಜಯಮ್ಮ.

12.45ಕ್ಕೆ 130, ಬೋಲ್ಟ್ 14. ಎಲ್ಲರ ಮುಖದಲ್ಲೂ ನಗು. ಅಲ್ಲಿಗೆ ನಿಂತುಹೋಯಿತು. ಎದುರುಬದುರಿನ ಎರಡು ತೂತುಗಳು ಅರ್ಧ ಹೆಬ್ಬೆಟ್ಟಿನಷ್ಟು ದೂರ ಉಳಿದವು. 2 ಗಂಟೆ 10ಕ್ಕೆ 140 ಮುಟ್ಟಿತು. ನಾನು ಬಾಗಿಲಿನ ಪುಟ್ಟ ಗಾಜಿನಿಂದ ಉಷ್ಣಮಾಪಕ ನೋಡುತ್ತಿದ್ದೆ. 142. 144. ಒಲೆಯಲ್ಲಿ ಒಣ ನೀಲಗಿರಿ ಕೊರಡೊಂದು ಒಮ್ಮೆಲೇ ಹತ್ತಿಕೊಂಡಿತ್ತು. 146.

“ಗೌಡ್ರೇ, ನೂರ ನಲವತ್ತಾರು! ಬಾಗಿಲು ತೆಗೀರಿ!”

“ಬಾಗ್ಲು ಮುಟ್ಬ್ಯಾಡ!” ಎಂದು ಅವರು ಗದರಿದ್ದು ಅದೊಂದೇ ಸಲ. “ತಣ್ಣನೆ ಗಾಳಿ ಬಡಿದ್ರೆ ಸೊಪ್ಪೇ ಕೆಡ್ತದೆ, ನಿಮ್ ಗಾಜು ಉಳಿತದಾ?” ಕೊರಡನ್ನು ಎಳೆದು ಮಣ್ಣಿಗೆ ಹಾಕಿದರು. ಹಗ್ಗ ಜಗ್ಗಿ ಚಾವಣಿಯ ಕಿಂಡಿಯನ್ನು ನಾಲ್ಕು ಬೆರಳು ಮಾತ್ರ ತೆರೆದರು. 147ರಲ್ಲಿ ನಿಂತಿತು. ನಾನು ಉಸಿರು ಬಿಟ್ಟದ್ದು 145ಕ್ಕೆ ಇಳಿದಾಗ. 140ಕ್ಕೆ ಬರಲು ಹದಿನಾರು ನಿಮಿಷ ಹಿಡಿಯಿತು.

ಆಗ ಸಾಹೇಬರು ಕೋಟು ತೆಗೆದಿಟ್ಟು ಟವೆಲ್ ಒದ್ದೆ ಮಾಡಿಕೊಂಡರು. “ಇಬ್ಬರು ಹೋದರೆ ಒಬ್ಬರು ತಿರುಚಬಹುದು, ಒಬ್ಬರು ಬೋಲ್ಟ್ ಹಾಕಬಹುದು.” ಬೇಡವೆಂದೆ, ಕೇಳಲಿಲ್ಲ. ಒಳಗಿನಿಂದ ಹಗ್ಗ ಕಿರುಗುಟ್ಟುವ ಸದ್ದು, “ಇನ್ನೊಸಿ, ಇನ್ನೊಸಿ,” ಎನ್ನುವ ಗೌಡರ ದನಿ, “ಬಂತು ಬಂತು, ಹಾಕ್ರೀ,” ಎನ್ನುವ ಸಾಹೇಬರ ದನಿ. ಎಪ್ಪತ್ತು ಸೆಕೆಂಡಿಗೆ ಇಬ್ಬರೂ ಕೆಂಪಗೆ ಬೆಂದು ಹೊರಬಂದರು. ಸಾಹೇಬರು ಎರಡೂ ಖಾಲಿ ಕೈಗಳನ್ನು ನನ್ನ ಮುಂದೆ ಚಾಚಿದರು. ಅವರು ಒಯ್ದಿದ್ದ ಎರಡು ಬೋಲ್ಟ್ ಕೈಯಲ್ಲಿರಲಿಲ್ಲ. ನಾನು ಕಾಲಂನಲ್ಲಿ 16 ಎಂದು ಬರೆದೆ.

ಮೂರು ಗಂಟೆ ಅದೇ ಕಾವಿನಲ್ಲಿ ಹಿಡಿದು, ಒಲೆ ಆರಿಸಿ, ಬಾಗಿಲು ಮುಚ್ಚಿಯೇ ಬಿಟ್ಟು ಹೊರಟೆವು. ಗುರುವಾರ ಬೆಳಗ್ಗೆ 9ಕ್ಕೆ ತೆರೆದಾಗ ಗೋಡೆ ಇನ್ನೂ ಬೆಚ್ಚಗಿತ್ತು. ಬೋಲ್ಟ್ ಬಿಚ್ಚಿದರೆ ಮತ್ತೆ ಮೊಟ್ಟೆಯಾಗುವುದೋ ಏನೋ ಎಂಬುದೇ ಉಳಿದಿದ್ದ ಭಯ. ಹದಿನಾರನ್ನೂ ಬಿಚ್ಚಿ, ಚೌಕಟ್ಟು ಸರಿಸಿ, ರೀಪು ಅಡ್ಡ ಹಿಡಿದೆವು. ಒಂದು ಕಡೆ 182.8. ಇನ್ನೊಂದು ಕಡೆ 183.1. ಮೂರು ಮಿಲಿಮೀಟರ್ ವ್ಯತ್ಯಾಸ ಯಾವ ಬಳೆಗೂ ಲೆಕ್ಕಕ್ಕಿಲ್ಲ.

ಅಲ್ಲಿಂದಲೇ ಚೆನ್ನಾಜಮ್ಮನಿಗೆ ಫೋನ್ ಮಾಡಿದೆ. “ಆಗುತ್ತೆ ಅಮ್ಮಾ” ಎಂದೆ. ಅವರು ಫೋನ್ ಹಿಡಿದುಕೊಂಡೇ ಯಾರಿಗೋ ಕೂಗಿ ಹೇಳುತ್ತಿದ್ದರು, “ಬಿದಿರು ಸೀಳಾದು ನಿಲ್ಸ್ರಲಾ!” ಕಾಯುತ್ತೇವೆಂದವರು ಕತ್ತಿ ಹಿಡಿದೇ ಕಾಯುತ್ತಿದ್ದರು.

ಎರಡು ದಿನ ಆರು ಸುತ್ತು ಮೇಣ ಉಜ್ಜಿದೆವು. ಸೆಪ್ಟೆಂಬರ್ 8ರಿಂದ ದಿನಕ್ಕೊಂದರಂತೆ, ಭಾನುವಾರ ಬಿಟ್ಟು, 20ರ ಶನಿವಾರಕ್ಕೆ ಹನ್ನೆರಡನೆಯದನ್ನು ಹಾಕಿದೆವು. 27ರ ಶನಿವಾರ ಎರಡು ಪಿಕಪ್ ಗಾಡಿಗಳಲ್ಲಿ ಆರಾರು ತೆಪ್ಪಗಳನ್ನು ಬಟ್ಟಲಿನಂತೆ ಒಂದರೊಳಗೊಂದು ಕೂರಿಸಿ, ಎಚ್.ಡಿ. ಕೋಟೆ ದಾಟಿ ಹಿನ್ನೀರಿಗೆ ಒಯ್ದೆವು. ಆಯುಧಪೂಜೆಗೆ ನಾಲ್ಕು ದಿನ ಮೊದಲೇ.

ಚೆನ್ನಾಜಮ್ಮ ಮೊದಲು ಬಳೆಯ ಸುತ್ತ ಬೆರಳಾಡಿಸಿದರು, ಎಲ್ಲಿಯಾದರೂ ಸಂದಿದೆಯೇ ಎಂದು. ಆಮೇಲೆ ತೆಪ್ಪವನ್ನು ನೀರಿಗೆ ತಳ್ಳಿ, ಹುಟ್ಟು ಹಿಡಿದು ಕೂತು, ಇಪ್ಪತ್ತು ಮಾರು ದೂರ ಹೋಗಿ, ಅಲ್ಲಿ ಗಿರ್ರನೆ ಮೂರು ಸುತ್ತು ತಿರುಗಿಸಿದರು. ದಡಕ್ಕೆ ಬಂದವರು ತಳದ ಮೇಲೆ ಅಂಗೈ ಒತ್ತಿ ನನಗೆ ತೋರಿಸಿದರು.

“ನೋಡವ್ವಾ, ಒಣಗೇ ಅದೆ. ಇವತ್ತು ಎರಡು ಕೈಯಲ್ಲೂ ಮೀನು ಇಡಿತೀನಿ.”

ಈ ಕೆಲಸ ನನಗೆ ಕಲಿಸಿದ್ದನ್ನು ಸರಳವಾಗಿ ಬರೆಯುತ್ತೇನೆ. ನಾನು ಬಿಸಿಲು, ನೀರು, ಇಲಿ ಎಂದು ಹೊರಗಿನಿಂದ ಬರುವ ಶತ್ರುಗಳನ್ನು ಎಣಿಸಿದ್ದೆ. ವಸ್ತು ತನ್ನ ಭಾರವನ್ನು ತಾನೇ ಹೊತ್ತು ನಿಂತಿರುತ್ತದೆ ಎಂಬುದನ್ನು ಎಣಿಸಿರಲಿಲ್ಲ. ಪಟ್ಟಿಯಲ್ಲಿ ಇರುವುದಕ್ಕೆಲ್ಲ ಟಿಕ್ ಬಿದ್ದರೆ ಪಟ್ಟಿ ಸರಿಯಿದೆ ಎಂದು ಅರ್ಥವಲ್ಲ. ಈಗ ಪಟ್ಟಿಯಲ್ಲಿ ಹದಿಮೂರು ಅಂಶಗಳಿವೆ. ಹನ್ನೆರಡನೆಯದು: ಚೌಕಟ್ಟಿನಿಂದ ಬಿಡಿಸದೆ, ಮಲಗಿಸಿಯೇ ಇಡುವುದು, ಪ್ರತಿ ಭೇಟಿಯಲ್ಲೂ ಬಾಯಿಯನ್ನು ನಾಲ್ಕು ದಿಕ್ಕಿನಲ್ಲಿ ಅಳೆಯುವುದು. ಹದಿಮೂರನೆಯದು: ಜಾಗ ಕೊಟ್ಟವರನ್ನು ಆ ಜಾಗದ ಬಗ್ಗೆ ಕೇಳುವುದು.

ಒಂದು ಸಂಗತಿ ಮಾತ್ರ ನನಗಿನ್ನೂ ಬಗೆಹರಿದಿಲ್ಲ. ಹನ್ನೆರಡು ತೆಪ್ಪ ತೆಗೆದ ಮೇಲೆ ಮೋಲ್ಡಿನ ಒಳಮೈಯಲ್ಲಿ, ಹಗ್ಗ ಬಿಗಿದಿದ್ದ ಕಡೆ, ಅಂಚಿನಿಂದ ಒಂದು ಅಡಿ ಕೆಳಗೆ ಕೂದಲಿನಷ್ಟು ಸಣ್ಣ ನಾಲ್ಕು ಗೆರೆಗಳು ಕಂಡಿವೆ. ಉದ್ದ 22, 31, 34 ಮತ್ತು 40 ಮಿಲಿಮೀಟರ್. ಪ್ರತಿ ತಿಂಗಳು ಒಂದನೇ ತಾರೀಕು ಅಳೆಯುತ್ತಿದ್ದೇನೆ, ಇದುವರೆಗೆ ಬೆಳೆದಿಲ್ಲ. ಇವು ಆ 147 ಡಿಗ್ರಿಯಿಂದ ಬಂದವೋ, ಹಗ್ಗದ ಬಿಗಿತದಿಂದಲೋ, ಈಗಲೇ ಉಜ್ಜಿ ತುಂಬಬೇಕೋ ಅಥವಾ ಮುಟ್ಟದೆ ಬಿಡುವುದೇ ಒಳ್ಳೆಯದೋ ತಿಳಿಯದು. ಹೀಗೆ ಕಾಯಿಸಿ ಸರಿಪಡಿಸಿದ ಮೋಲ್ಡನ್ನು ಬಳಸಿದ ಅನುಭವ ಯಾರಿಗಾದರೂ ಇದ್ದರೆ, ಅದು ಆಮೇಲೆ ಎಷ್ಟು ವರ್ಷ ಬಾಳಿತು, ಎಷ್ಟು ವಸ್ತು ಕೊಟ್ಟಿತು ಎಂಬ ವಿವರದೊಂದಿಗೆ ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆದು ತಿಳಿಸಿ.